ಅಳಿಸಿದರೂ ಬಿಡುವಾಗದ ಡಿಸ್ಕ್, ತೆಗೆದರೂ ಉಳಿಯುವ ಫೈಲು

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಲಿನಕ್ಸ್ ಸರ್ವರ್‌ನಲ್ಲಿ ಡಿಸ್ಕ್ ಭರ್ತಿಯಾಗಿತ್ತು. 40 ಜಿಬಿಯ ಲಾಗ್ ಫೈಲೊಂದನ್ನು ಅಳಿಸಿದ ಮೇಲೂ ಡಿಸ್ಕ್ ಬಳಕೆ ತೋರಿಸುವ ‘ಡಿಎಫ್’ ಕಮಾಂಡ್ ಹಳೆಯ ಲೆಕ್ಕವನ್ನೇ ತೋರಿಸುತ್ತಿದೆ. ಫೈಲುಗಳ ಗಾತ್ರ ಕೂಡುವ ‘ಡಿಯು’ ಕಮಾಂಡ್ ಮಾತ್ರ ಬಳಕೆ ಇಳಿದಿದೆ ಎನ್ನುತ್ತದೆ. ಇನ್ನೊಂದು ಸಮಸ್ಯೆ: ಓದು ಮುಗಿಸಿದ ವಿದ್ಯಾರ್ಥಿಯೊಬ್ಬನ ಖಾತೆ ತೆಗೆದು ಹೊಸಬಳೊಬ್ಬಳಿಗೆ ಖಾತೆ ಮಾಡಿಕೊಟ್ಟಾಗ, ಅವನ ಫೈಲುಗಳೆಲ್ಲ ಅವಳ ಹೆಸರಿನಲ್ಲಿ ಕಾಣಿಸಿಕೊಂಡವು. ಕಾರಣವೇನು?
– ಲ್ಯಾಬ್ ಮೇಲ್ವಿಚಾರಕರು, ಹಾಸನ

ಉತ್ತರ: ಎರಡಕ್ಕೂ ಮೂಲ ಒಂದೇ. ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಫೈಲಿನ ಹೆಸರಾಗಲಿ ಬಳಕೆದಾರರ ಹೆಸರಾಗಲಿ ನಮ್ಮ ಅನುಕೂಲಕ್ಕೆ ಇರುವಂಥವು. ಒಳಗಿನ ಲೆಕ್ಕವೆಲ್ಲ ನಡೆಯುವುದು ಸಂಖ್ಯೆಗಳ ಮೇಲೆ.

‘ಆರ್‌ಎಂ’ ಕಮಾಂಡ್ ಅಳಿಸುವುದು ಡೈರೆಕ್ಟರಿಯಲ್ಲಿರುವ ಹೆಸರನ್ನು ಮಾತ್ರ. ಆ ಫೈಲಿಗೆ ಬೇರೆ ಯಾವ ಹೆಸರೂ ಉಳಿದಿಲ್ಲದಿದ್ದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಚಾಲನೆಯಲ್ಲಿರುವವರೆಗೆ ಅದರ ಐನೋಡ್ (ಫೈಲಿನ ವಿವರಗಳ ದಾಖಲೆ) ಮತ್ತು ಬ್ಲಾಕುಗಳು (ಡಿಸ್ಕಿನಲ್ಲಿ ಅದು ಹಿಡಿದ ಜಾಗ) ಬಿಡುಗಡೆಯಾಗುವುದಿಲ್ಲ. ‘ಡಿಯು’ ಡೈರೆಕ್ಟರಿಗಳನ್ನು ಒಂದೊಂದಾಗಿ ಹೊಕ್ಕು ಹೆಸರಿರುವ ಫೈಲುಗಳನ್ನಷ್ಟೇ ಕೂಡುತ್ತದೆ. ‘ಡಿಎಫ್’ ಫೈಲ್ ಸಿಸ್ಟಂನ ಜಮಾಖರ್ಚನ್ನೇ ಓದುತ್ತದೆ. ಆದ್ದರಿಂದಲೇ ಈ 40 ಜಿಬಿ ವ್ಯತ್ಯಾಸ. ‘ಎಲ್‌ಎಸ್‌ಒಎಫ್ +ಎಲ್1’ ಎಂಬ ಕಮಾಂಡನ್ನು ರೂಟ್ (ಸರ್ವಾಧಿಕಾರವುಳ್ಳ ನಿರ್ವಾಹಕ ಖಾತೆ) ಆಗಿ ಕೊಟ್ಟರೆ, ಹೆಸರು ಕಳೆದುಕೊಂಡರೂ ತೆರೆದೇ ಇರುವ ಫೈಲುಗಳು ಮತ್ತು ಅವನ್ನು ಹಿಡಿದಿರುವ ಪ್ರೋಗ್ರಾಂಗಳು ಸಿಗುತ್ತವೆ. ಆ ಸೇವೆಯನ್ನು ಮರುಚಾಲನೆ ಮಾಡಿದರೆ ಸಾಕು; ಇಡೀ ಸರ್ವರನ್ನು ರೀಬೂಟ್ ಮಾಡಬೇಕಿಲ್ಲ. ಇನ್ನು ಮುಂದೆ ಬಳಕೆಯಲ್ಲಿರುವ ಲಾಗನ್ನು ಅಳಿಸುವ ಬದಲು ‘ಟ್ರಂಕೇಟ್’ ಕಮಾಂಡಿನಿಂದ ಬರಿದು ಮಾಡಿ.

ಇಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್‌ಗೆಂದು ಕಾದಿರಿಸುತ್ತದೆ ಎಂಬುದನ್ನೂ ಗಮನದಲ್ಲಿಡಿ. 500 ಜಿಬಿ ಡಿಸ್ಕ್‌ನಲ್ಲಿ ಅದು ಸುಮಾರು 25 ಜಿಬಿಯಾಗುತ್ತದೆ. ವಿದ್ಯಾರ್ಥಿಗಳ ಹೋಂ ಡೈರೆಕ್ಟರಿಗಳಿಗೆಂದೇ ಡಿಸ್ಕಿನಲ್ಲಿ ಪ್ರತ್ಯೇಕ ವಿಭಾಗವಿದ್ದರೆ ಈ ಕಾದಿರಿಸಿದ ಪಾಲನ್ನು ‘ಟ್ಯೂನ್2ಎಫ್‌ಎಸ್’ನಿಂದ ಶೇ 1ಕ್ಕೆ ಇಳಿಸಬಹುದು, ವ್ಯವಸ್ಥೆಯೇ ಇರುವ ರೂಟ್ ವಿಭಾಗದಲ್ಲಿ ಮಾತ್ರ ಕೈ ಹಾಕದಿರುವುದೇ ಲೇಸು.

ಇನ್ನು ಖಾತೆಯ ವಿಚಾರ. ಫೈಲಿನ ಒಡೆಯ ಯಾರೆಂಬುದು ಐನೋಡ್‌ನಲ್ಲಿ ಯುಐಡಿ ಎಂಬ ಸಂಖ್ಯೆಯಾಗಿ ದಾಖಲಾಗಿರುತ್ತದೆ. ಹಳೆಯ ವಿದ್ಯಾರ್ಥಿಯ ಸಂಖ್ಯೆ 1043 ಎಂದಿಟ್ಟುಕೊಳ್ಳಿ. ‘ಯೂಸರ್‌ಡೆಲ್’ ಎಂಬ ಖಾತೆ ತೆಗೆಯುವ ಕಮಾಂಡನ್ನು ‘-ಆರ್’ ಇಲ್ಲದೆ ಕೊಟ್ಟರೆ ಹೋಂ ಡೈರೆಕ್ಟರಿ ಹಾಗೆಯೇ ಉಳಿಯುತ್ತದೆ, ಫೈಲುಗಳ ಪಟ್ಟಿ ತೋರಿಸುವ ‘ಎಲ್ಎಸ್ -ಎಲ್’ನಲ್ಲಿ ಹೆಸರಿನ ಜಾಗದಲ್ಲಿ ಬರೀ 1043 ಕಾಣುತ್ತದೆ. ‘ಯೂಸರ್‌ಆ್ಯಡ್’ ಎಂಬ ಖಾತೆ ತೆರೆಯುವ ಕಮಾಂಡ್ ಸಾಮಾನ್ಯವಾಗಿ, ಆಗ ಇರುವ ಖಾತೆಗಳ ಅತಿ ದೊಡ್ಡ ಸಂಖ್ಯೆಗೆ ಒಂದನ್ನು ಕೂಡಿ ಹೊಸ ಸಂಖ್ಯೆ ಕೊಡುವುದರಿಂದ, ಕಡೆಯದಾಗಿದ್ದ 1043 ಖಾಲಿಯಾದ ಕೂಡಲೇ ಮುಂದೆ ಬಂದವರಿಗೆ ಅದೇ ಸಂಖ್ಯೆ, ಅದರೊಡನೆ ಹಳೆಯ ಫೈಲುಗಳ ಒಡೆತನವೂ ಸಿಕ್ಕಿಬಿಡುತ್ತದೆ. ‘-ಆರ್’ ಕೊಟ್ಟರೂ ಹೋಂ ಡೈರೆಕ್ಟರಿ ಮತ್ತು ಮೇಲ್ ಪೆಟ್ಟಿಗೆ ಮಾತ್ರ ಹೋಗುತ್ತವೆ. ಹಂಚಿಕೊಂಡ ಪ್ರಾಜೆಕ್ಟ್ ಡೈರೆಕ್ಟರಿಗಳಲ್ಲಿರುವ ಫೈಲುಗಳು ಉಳಿಯುತ್ತವೆ.

ಹಾಗಾಗಿ ಓದು ಮುಗಿದವರ ಖಾತೆಯನ್ನು ಒಮ್ಮೆಲೇ ತೆಗೆಯಬೇಡಿ. ಮೊದಲು ‘ಚೇಜ್ -ಇ 0’ ಕೊಟ್ಟು ಖಾತೆಯ ಅವಧಿ ಮುಗಿಸಿ. ಖಾತೆಗೆ ಬೀಗ ಹಾಕುವ ‘ಯೂಸರ್‌ಮಾಡ್ -ಎಲ್’ ಪಾಸ್‌ವರ್ಡನ್ನಷ್ಟೇ ತಡೆಯುತ್ತದೆ, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಲು ಬಳಸುವ ಕೀಲಿ) ಇಟ್ಟುಕೊಂಡವರು ನಿರಾಯಾಸವಾಗಿ ಒಳಬರಬಲ್ಲರು. ಬಳಿಕ ‘ಫೈಂಡ್’ನಿಂದ ಆ ಯುಐಡಿಯ ಫೈಲುಗಳನ್ನೆಲ್ಲ ಹುಡುಕಿ, ಬೇಕಾದುದನ್ನು ಬೇರೆಡೆ ತೆಗೆದಿಟ್ಟು, ಆಮೇಲೆ ಖಾತೆ ತೆಗೆಯಿರಿ. ಈಗಾಗಲೇ ಕಲಸಿಹೋಗಿರುವಲ್ಲಿ, ಹೊಸ ಖಾತೆ ಹುಟ್ಟಿದ ದಿನಕ್ಕಿಂತ ಹಿಂದೆ ಬದಲಾದ ಫೈಲುಗಳನ್ನು ಬೇರ್ಪಡಿಸಿ ‘ಚೋನ್’ನಿಂದ ಒಡೆತನ ಬದಲಿಸಿ.

ಡಿಸ್ಕ್ ಮತ್ತೆ ಭರ್ತಿಯಾಗದಿರಲು ಕೋಟಾ (ಪ್ರತಿ ಬಳಕೆದಾರರಿಗೂ ಡಿಸ್ಕ್ ಜಾಗದ ಮಿತಿ) ಹಾಕಿ. 1983ರ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಲ್ಲೇ ಬಂದ ಸೌಲಭ್ಯವಿದು, ಆದರೂ ನಮ್ಮ ಅನೇಕ ಲ್ಯಾಬುಗಳು ಇದನ್ನು ಮುಟ್ಟುವುದಿಲ್ಲ. ಮೃದು ಮಿತಿ ದಾಟಿದವರಿಗೆ ಸಾಮಾನ್ಯವಾಗಿ 7 ದಿನಗಳ ಗಡುವು ಸಿಗುತ್ತದೆ. ಕಠಿಣ ಮಿತಿಯನ್ನು ದಾಟಲು ಬಿಡುವುದೇ ಇಲ್ಲ. ಆದರೆ ಮೇಲಿನ ಶುಚಿ ಕೆಲಸ ಮುಗಿದ ಮೇಲೆಯೇ ಕೋಟಾ ಜಾರಿಗೆ ತನ್ನಿ, ಏಕೆಂದರೆ ಕೋಟಾ ಕೂಡ ಯುಐಡಿಯನ್ನೇ ಎಣಿಸುತ್ತದೆ: ಹಳಬ ಬಿಟ್ಟುಹೋದ ಫೈಲುಗಳ ಭಾರವೆಲ್ಲ ಹೊಸ ವಿದ್ಯಾರ್ಥಿನಿಯ ಲೆಕ್ಕಕ್ಕೆ ಬಿದ್ದು, ಮೊದಲ ದಿನವೇ ಅವಳ ಮಿತಿ ಮುಗಿದಿರಬಹುದು.