ಸಹಕಾರ ಸಂಘದ ವಾರ್ಷಿಕ ವರದಿ ಬರೆಯಲು ಕಥೆಯ ತಂತ್ರ ಬಳಸಬಹುದೇ?

ಖಂಡಿತ ಬಳಸಬಹುದು. ಯಾರಿಗೆ ಏನು ಬೇಕಿತ್ತು, ಏನು ಅಡ್ಡ ಬಂತು, ಆಮೇಲೆ ಏನಾಯಿತು ಅನ್ನೋದು ಇದ್ದರೆ ಸಾಕು.

'ಸುಸ್ತಿ ಸಾಲ (ಗಡುವು ಮೀರಿದರೂ ಕಟ್ಟದ ಸಾಲ) ಜಾಸ್ತಿಯಾಗಿದೆ' ಎಂದಷ್ಟೇ ಬರೆದರೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಸುಮ್ನೆ ಪುಟ ತಿರುಗಿಸುತ್ತಾರೆ. ಆ ಸಾಲಿನ ಕೆಳಗೆ ಮಳೆಗಾಲದ ವಿಷಯ ತನ್ನಿ. ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯಲು ಬಿಡುವು ಸಿಗಲಿಲ್ಲ. ಕೊಳೆ ರೋಗ ಬಂತು, ಎಳೆಕಾಯಿ ಉದುರಿತು. ಶಿವಮೊಗ್ಗ ಮಾರುಕಟ್ಟೆಗೆ ಹೋದ 'ರಾಶಿ' ದರ್ಜೆಯ ಅಡಿಕೆ ಕಡಿಮೆಯಾಯಿತು. ಕಂತು ನಿಂತಿತು. ಈಗ ಸುಸ್ತಿಯ ಮೊತ್ತ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ವಾ? ನಿಮ್ಮೂರಲ್ಲಿ ನಿಜಕ್ಕೂ ಆಗಿದ್ದನ್ನೇ ಬರೆಯಬೇಕು, ಅಷ್ಟೇ.

ಕಥೆಗಾರರು ಗುಟ್ಟನ್ನು ಕೊನೆಯವರೆಗೂ ಬಚ್ಚಿಡಬಹುದು. ಲೆಕ್ಕ ಹೇಳುವವರು ಖಂಡಿತ ಬಚ್ಚಿಡಬಾರದು, ಅದು ಸದಸ್ಯರ ದುಡ್ಡು. ನಷ್ಟವಿದ್ದರೆ ಮೊದಲ ಸಾಲಿನಲ್ಲೇ ಹೇಳಿ. ಹೇಗಾಯಿತು ಅನ್ನೋದಕ್ಕೆ ಮಾತ್ರ ಕಥೆ ಬಳಸಿ. ಇಲ್ಲದ ರೈತನನ್ನು ಹುಟ್ಟಿಸಬೇಡಿ. ಇರುವವರ ಅನುಭವ ಬಳಸುವುದಾದರೆ ಒಪ್ಪಿಗೆ ಕೇಳಿ, ಹೆಸರು ಬಿಡಿ. ಮಾರ್ಚ್ 31ರ ಅಢಾವೆ ಪತ್ರಿಕೆ (ಸಂಘದ ಆಸ್ತಿ, ಸಾಲಗಳ ಪಟ್ಟಿ) ಮಾತ್ರ ಇದ್ದ ಹಾಗೇ ಇರಲಿ.