ರಿಪೇರಿ ಪ್ರಶ್ನೋತ್ತರ: ಬ್ಲಾಕಿನಲ್ಲೇ ಉಳಿದ ಬೋಲ್ಟ್

ಪ್ರಶ್ನೆ: ತೋಟದ ಹಳೇ ಡೀಸೆಲ್ ಜೀಪಿನ ವಾಟರ್ ಪಂಪ್ ಬಿಚ್ಚುವಾಗ 8 ಎಂಎಂ ಬೋಲ್ಟೊಂದು ತುಂಡಾಗಿ, ಅರ್ಧ ಇಂಜಿನ್ ಬ್ಲಾಕಿನಲ್ಲೇ ಉಳಿದಿದೆ. ಮುರಿದ ತುದಿ ಬ್ಲಾಕಿನ ಮಟ್ಟಕ್ಕಿಂತ ಸ್ವಲ್ಪ ಒಳಗಿದೆ. ಇಂಜಿನ್ ಇಳಿಸಿ ಲೇತ್‌ಗೆ ಒಯ್ಯಬೇಕು ಅಂತಾರೆ ಮೆಕ್ಯಾನಿಕ್. ಈಸಿ ಔಟ್ (ಮುರಿದ ಬೋಲ್ಟಿಗೆ ತೂತು ಕೊರೆದು, ಒಳಗೆ ಇಳಿಸಿ ಬಿಚ್ಚುವ ದಿಕ್ಕಿಗೆ ತಿರುಗಿಸುವ ಸಾಧನ) ತಂದು ನಾವೇ ತೆಗೆಯಬಹುದೇ ಸರ್?
– ಓದುಗರು, ಮೂಡಿಗೆರೆ

ಉತ್ತರ: ಇಂಜಿನ್ ಇಳಿಸುವುದು ಸದ್ಯಕ್ಕೆ ಬೇಡ, ಈಸಿ ಔಟ್ ಕೂಡ ಬೇಡ. ಇಡೀ 8 ಎಂಎಂ ಬೋಲ್ಟೇ ತಡೆಯದೆ ಮುರಿದಿದೆ. ಅದರ ನಡುವೆ ಕೊರೆದ ತೂತಿಗೆ ಇಳಿಸುವ ಸಣ್ಣ ಈಸಿ ಔಟ್ ತಡೆದೀತೇ? ಅದರ ತುದಿ ಚೂಪು, ಮೇಲೆ ದಪ್ಪ. ಒಳಗೆ ಹೋದಷ್ಟೂ ಬೋಲ್ಟನ್ನು ಹಿಗ್ಗಿಸಿ ಥ್ರೆಡ್ಡಿಗೆ ಇನ್ನಷ್ಟು ಬಿಗಿ ಮಾಡುತ್ತದೆ.

ಮೊದಲು ಮುರಿದ ಮುಖವನ್ನು ಟಾರ್ಚ್ ಹಾಕಿ ನೋಡಿ. ಒಂದು ಭಾಗ ಕಪ್ಪಾಗಿ ತುಕ್ಕು ಹಿಡಿದು, ಉಳಿದದ್ದು ಮಾತ್ರ ಬೆಳ್ಳಗಿದ್ದರೆ ಬಿರುಕು ಹಳೆಯದು, ಬೋಲ್ಟ್ ಅಷ್ಟಾಗಿ ಕಚ್ಚಿರಲಿಕ್ಕಿಲ್ಲ. ಸೆಂಟರ್ ಪಂಚನ್ನು ಅಂಚಿನಲ್ಲಿ ಓರೆಯಾಗಿ ಹಿಡಿದು ಬಿಚ್ಚುವ ದಿಕ್ಕಿಗೆ ತಟ್ಟಿ. ಅದೃಷ್ಟವಿದ್ದರೆ ಅಷ್ಟಕ್ಕೇ ಬರುತ್ತದೆ. ಇಡೀ ಮುಖ ಹೊಸದಾಗಿ ಹೊಳೆಯುತ್ತಿದ್ದರೆ ಥ್ರೆಡ್ ತುಕ್ಕಿನಿಂದ ಕಚ್ಚಿದೆ ಎಂದೇ ಲೆಕ್ಕ. ಹಲವು ಇಂಜಿನ್‌ಗಳಲ್ಲಿ ವಾಟರ್ ಪಂಪಿನ ಬೋಲ್ಟ್ ತೂತು ನೀರಿನ ಜಾಕೆಟ್ಟಿಗೆ (ಬ್ಲಾಕಿನೊಳಗೆ ನೀರು ಹರಿಯುವ ಜಾಗಕ್ಕೆ) ತೆರೆದಿರುತ್ತದೆ. ಕೂಲಂಟ್ ಬಿಟ್ಟು ಬರೀ ನೀರು ತುಂಬುವ ಜೀಪುಗಳಲ್ಲಿ ಆಗುವುದೇ ಇದು.

ರೇಡಿಯೇಟರ್ ನೀರನ್ನು ಪೂರ್ತಿ ಇಳಿಸಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಆಗಾಗ ಬೋಲ್ಟಿನ ಮುರಿದ ಮುಖಕ್ಕೆ ಪಂಚ್ ಇಟ್ಟು ನೇರವಾಗಿ ತಟ್ಟುತ್ತಾ ಒಂದು ರಾತ್ರಿ ಬಿಡಿ. ಮರುದಿನ ಎಣ್ಣೆ ಒರೆಸಿ, ಬ್ಯಾಟರಿಯ ಎರಡೂ ವೈರ್ ಬಿಚ್ಚಿ, ಹತ್ತಿರದ ಡೀಸೆಲ್ ಪೈಪುಗಳನ್ನು ಸರಿಸಿ ಮುಚ್ಚಿ, ವೆಲ್ಡರ್ ಕರೆಯಿರಿ. ಬೋಲ್ಟಿನ ನಡುವೆ ಮಾತ್ರ, ಬ್ಲಾಕಿನ ಬೀಡುಕಬ್ಬಿಣದ ಅಂಚಿಗೆ ತಾಗದಂತೆ, ಬೊಟ್ಟುಬೊಟ್ಟಾಗಿ ಮಟ್ಟಕ್ಕೆ ತುಂಬಿಸಲಿ. ಮೇಲೆ 8 ಎಂಎಂ ಬೋಲ್ಟಿನದೇ ನಟ್ಟಿಟ್ಟು, ನಟ್ಟಿನ ಒಳಗಿಂದ ಬೆಸೆಯಲಿ. ಸೀಓಟು ವೆಲ್ಡಿಂಗ್ (ರಾಡಿನ ಬದಲು ತಂತಿ ಬಳಸುವ ಮಿಗ್) ಸಿಕ್ಕರೆ ರಾಡಿಗಿಂತ ಸಲೀಸು. ಇಲ್ಲಿ ಬೆಸುಗೆಗಿಂತ ಬಿಸಿಯದೇ ಕೆಲಸ ಹೆಚ್ಚು: ಕಾದ ಬೋಲ್ಟ್ ಹಿಗ್ಗಿ ತುಕ್ಕನ್ನು ಪುಡಿ ಮಾಡುತ್ತದೆ, ಆರುತ್ತಾ ಕುಗ್ಗಿ ಸಂದು ಬಿಡುತ್ತದೆ.

ಕೆಂಪು ಇರುವಾಗ ಸ್ಪ್ಯಾನರ್ ಹಾಕಬೇಡಿ, ನಟ್ಟು ಕಿತ್ತು ಬರುತ್ತದೆ. ಕೆಂಪು ಹೋಗಿ ಬಿಸಿ ಸಾಕಷ್ಟು ಇಳಿದ ಮೇಲೆ ಬುಡಕ್ಕೆ ಮೇಣದಬತ್ತಿ ತಾಗಿಸಿ. ಕರಗಿದ ಮೇಣ ಥ್ರೆಡ್ಡಿನೊಳಗೆ ಹರಿಯುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಸ್ವಲ್ಪ, ಬಿಗಿಯುವ ಕಡೆಗೆ ಸ್ವಲ್ಪ, ಹೀಗೆ ಆಡಿಸಿ. ನಟ್ಟು ಕಿತ್ತುಬಂದರೆ ಇನ್ನೊಂದು ಬೆಸೆಯಿರಿ. ನಟ್ಟು ಅಗ್ಗ, ಬ್ಲಾಕ್ ಹಾಗಲ್ಲ. ಪ್ರತಿ ಸಲದ ಬಿಸಿಯೂ ತುಕ್ಕನ್ನು ಸಡಿಲಿಸುತ್ತಲೇ ಇರುತ್ತದೆ.

ಹೀಗೂ ಬಾರದಿದ್ದರೆ ಕೊರೆಯುವುದೇ ಗತಿ. ಬರೀ ಕಣ್ಣಂದಾಜಿನಲ್ಲಿ ಕೊರೆದರೆ ಬಿಟ್ ಗಟ್ಟಿ ಬೋಲ್ಟಿನಿಂದ ಜಾರಿ ಮೆತ್ತಗಿನ ಬೀಡಿಗೆ ಇಳಿಯುತ್ತದೆ. ಪಂಪಿನ ತೂತಿಗೆ ಸರಿಯಾಗಿ ಕೂರುವ, ನಡುವೆ 4 ಎಂಎಂ ತೂತಿರುವ ಬುಷ್ ಒಂದನ್ನು ಲೇತ್‌ನಲ್ಲಿ ಮಾಡಿಸಿ. ಪಂಪನ್ನು ಉಳಿದ ಬೋಲ್ಟುಗಳಿಂದ ವಾಪಸ್ ಕೂರಿಸಿ, ಆ ಬುಷ್ಷಿನ ಮೂಲಕ ಕೊರೆದರೆ ನಡು ತಪ್ಪುವುದಿಲ್ಲ. ಬಳಿಕ ಪಂಪ್ ತೆಗೆದು 5, ಕೊನೆಗೆ 6.5 ಎಂಎಂ ಬಿಟ್ ಹಾಕಿ. ನಿಧಾನ ವೇಗ, ಬಿಟ್‌ಗೆ ಎಣ್ಣೆ. ಉಳಿದ ತೆಳು ಸಿಪ್ಪೆಯನ್ನು ಚೂಪು ಚಾಣದಿಂದ ಒಳಕ್ಕೆ ಮಡಚಿ ಎಳೆದು, ಥ್ರೆಡ್ ಕೊರೆಯುವ 8×1.25 ಟ್ಯಾಪ್ ಹಾಯಿಸಿ. ಥ್ರೆಡ್ ಕೆಟ್ಟರೆ 8.3 ಎಂಎಂ ತೂತು ಮಾಡಿ, ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಕಿಟ್ಟಿನದೇ ಟ್ಯಾಪ್ ಹಾಕಿ ಸುರುಳಿ ಕೂರಿಸಬಹುದು.

ಹೊಸದಾಗಿ 8.8 ಗ್ರೇಡಿನ ಬೋಲ್ಟ್ ಹಾಕಿ. ತೂತು ನೀರಿಗೆ ತೆರೆದಿದ್ದರೆ ಥ್ರೆಡ್ ಸೀಲಂಟ್ ಬೇಕೇ ಬೇಕು. ಜೀಪಿನ ಮ್ಯಾನುಯಲ್‌ನಲ್ಲಿ ಬಿಗಿತದ ಅಂಕಿ ಇಲ್ಲದಿದ್ದರೆ 20 ನ್ಯೂಟನ್ ಮೀಟರ್ ಸಾಕು.

ಪ್ರಶ್ನೆ: ಪವರ್ ಟಿಲ್ಲರ್ ಬ್ಲಾಕಿನ ಸ್ಟಡ್ ತೆಗೆಯಲು ಹೋಗಿ ಈಸಿ ಔಟೇ ಒಳಗೆ ಮುರಿದಿದೆ. ಡ್ರಿಲ್ ಬಿಟ್ ಅದರ ಮೇಲೆ ಬರೀ ಜಾರುತ್ತದೆ. ಮುಂದೇನು?
– ಓದುಗರು, ಸಕಲೇಶಪುರ

ಉತ್ತರ: ಈಸಿ ಔಟ್ ಕೂಡ ಬಿಟ್ಟಿನಷ್ಟೇ ಗಟ್ಟಿ, ಮತ್ತೆ ಬಿಟ್ ಹಾಳು ಮಾಡಬೇಡಿ. ಆದರೆ ಅದು ಪೆಡಸು. ಸೇಫ್ಟಿ ಕನ್ನಡಕ ಹಾಕಿಕೊಂಡು, ಗಟ್ಟಿ ಪಂಚಿನಿಂದ ಜೋರಾಗಿ ಹೊಡೆದರೆ ಎಷ್ಟೋ ಸಲ ಚೂರಾಗುತ್ತದೆ. ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ. ಆಗದಿದ್ದರೆ ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ (ಗಟ್ಟಿ ಲೋಹ ಸವೆಸುವ ಸಣ್ಣ ಹಲ್ಲಿನ ತುದಿ) ಹಾಕಿ ಸವೆಸಬೇಕು. ತಾಳ್ಮೆಯ ಕೆಲಸ, ಕೈ ನಡುಗಿದರೆ ಬ್ಲಾಕ್ ತಿನ್ನುತ್ತದೆ. ಅದೂ ಬೇಡವೆಂದರೆ ಬ್ಲಾಕ್ ಬರಿದು ಮಾಡಿ ಇಡಿಎಂ ಯಂತ್ರ ಇರುವ ಟೂಲ್ ರೂಮಿಗೆ ಒಯ್ಯಿರಿ. ಬೆಂಗಳೂರಿನ ಪೀಣ್ಯದಲ್ಲಿ ಇಂಥವು ಸಿಗುತ್ತವೆ. ಕಿಡಿಯಿಂದ ಲೋಹವನ್ನು ಕಣಕಣವಾಗಿ ಕರಗಿಸುವ ಯಂತ್ರವದು, ಗಟ್ಟಿತನ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊರಡುವ ಮೊದಲು ಬ್ಲಾಕಿನ ಅಳತೆ ಹೇಳಿ, ಅವರ ಯಂತ್ರದ ಮೇಜಿನಲ್ಲಿ ಹಿಡಿಸುತ್ತದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ.