ಬರೆದುಕೊಟ್ಟರೂ ಬಾರದ ಅಡ್ವಾನ್ಸ್

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆಗಿದ್ದ ಮನೆಯನ್ನು 2025ರ ಮಾರ್ಚ್‌ನಲ್ಲಿ ಖಾಲಿ ಮಾಡಿದೆವು. ಅಡ್ವಾನ್ಸ್ 2 ಲಕ್ಷ ರೂಪಾಯಿ. ಪೇಂಟಿಂಗ್‌ಗೆಂದು 25,000 ಹಿಡಿದುಕೊಂಡು, ಉಳಿದ 1,75,000 ರೂಪಾಯಿಯನ್ನು ಮೇ 31ರೊಳಗೆ ಕೊಡುವುದಾಗಿ ಓನರ್ ಮಗ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದಾರೆ. ಕರಾರು ಪತ್ರ ಅವರ ತಾಯಿಯ ಹೆಸರಿನಲ್ಲಿದೆ. ಜುಲೈನಲ್ಲಿ ಯುಪಿಐ ಮೂಲಕ 20,000 ಬಂತು. ಈಗ ಕೇಳಿದರೆ ‘ಹೊಸ ಬಾಡಿಗೆದಾರರು ಬರಲಿ’ ಅನ್ನುತ್ತಾರೆ. ಆ ಕಾಗದಕ್ಕೆ ಬೆಲೆ ಇದೆಯೇ? ಪೊಲೀಸರ ಬಳಿ ಹೋಗಬಹುದೇ?

ಉತ್ತರ: ಬೆಲೆ ಇದೆ. ಮೊತ್ತ, ಗಡುವು, ಸಹಿ ಮೂರೂ ಅದರಲ್ಲಿವೆ. ಹೊಸ ಬಾಡಿಗೆದಾರರು ಬಂದ ಮೇಲೆ ಎಂಬ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಈಗ ಬಾಯಿಮಾತಿನಲ್ಲಿ ಸೇರಿಸಲು ಬರುವುದಿಲ್ಲ.

ದುರ್ಬಲ ಜಾಗ ಸಹಿ. ಹಣ ಕೊಡಬೇಕಾದವರು ತಾಯಿ, ಒಪ್ಪಿಕೊಂಡವರು ಮಗ. ತಾಯಿಯ ಪರವಾಗಿ ವ್ಯವಹರಿಸುವ ಅಧಿಕಾರ ಮಗನಿಗಿತ್ತು ಎಂದು ನೀವು ತೋರಿಸಬೇಕಾಗುತ್ತದೆ. ಬಾಡಿಗೆ ಮಗನ ಖಾತೆಗೆ ಹೋಗುತ್ತಿತ್ತೇ? ಮನೆ ಕೀಲಿ ಪಡೆದವರು ಅವರೇ? ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮಾತುಕತೆ ಇಲ್ಲಿ ಕೆಲಸಕ್ಕೆ ಬರುತ್ತವೆ. ಸಂದೇಶಗಳಿರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಅವುಗಳ ಪ್ರಿಂಟನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ದೃಢೀಕರಿಸುವ ಪತ್ರ) ಬೇಕು.

ಬಿಳಿ ಹಾಳೆ ಎಂಬ ಕಾರಣಕ್ಕೇ ಪತ್ರ ಬಿದ್ದುಹೋಗದು. ಆದರೆ ಅದರ ಒಕ್ಕಣೆ ಪ್ರಾಮಿಸರಿ ನೋಟಿನಂತಿದ್ದರೆ (ಇಷ್ಟು ಹಣ ಕೊಡುತ್ತೇನೆಂದು ಷರತ್ತಿಲ್ಲದೆ ಬರೆದುಕೊಡುವ ವಾಗ್ದಾನ ಪತ್ರ) ತೊಡಕಿದೆ: ಸ್ಟಾಂಪ್ ಇಲ್ಲದ ನೋಟನ್ನು ದಂಡ ಕಟ್ಟಿಯೂ ಸಾಕ್ಷ್ಯಕ್ಕೆ ತರಲಾಗದು. ಹಾಗಾಗಿ ದಾವೆ ಈ ಪತ್ರವೊಂದರ ಮೇಲೆ ನಿಲ್ಲಬಾರದು. ಕರಾರು ಪತ್ರ ಮತ್ತು ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆಯೂ ಜೊತೆಗಿರಲಿ.

ಮೊದಲು ನೋಟಿಸ್ ಕೊಡಿ. ವಕೀಲರೇ ಬರೆಯಬೇಕೆಂದಿಲ್ಲ. ತಾಯಿ, ಮಗ ಇಬ್ಬರ ಹೆಸರಿಗೂ ಬೇರೆ ಬೇರೆಯಾಗಿ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಾಕಿ 1,55,000 ಎಂದು ಲೆಕ್ಕ ಬಿಡಿಸಿ ಬರೆಯಿರಿ, ಪತ್ರದ ನಕಲು ಲಗತ್ತಿಸಿ, 15 ದಿನ ಸಮಯ ಕೊಡಿ. ಬಡ್ಡಿಯನ್ನೂ ಕೇಳಿ, ಲಿಖಿತ ಗಡುವು ಇರುವುದರಿಂದ ಜೂನ್ 1ರಿಂದಲೇ ಕೇಳಬಹುದು. ಮೂಲ ಪತ್ರವನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ‘ಹೊಸದು ಬರೆದುಕೊಡುತ್ತೇನೆ, ಹಳೆಯದು ಕೊಡಿ’ ಎಂದರೂ ಸಹ.

ಪೊಲೀಸರು ಹೆಚ್ಚಾಗಿ ‘ಸಿವಿಲ್ ವ್ಯಾಜ್ಯ’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ವಂಚನೆ ಎನ್ನಲು ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ಕಾಣಬೇಕು. ವಾಪಸು ಕೊಡದಿರುವುದಷ್ಟೇ ಸಾಲದು. ಅದಕ್ಕಿಂತ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ದಾವಾಪೂರ್ವ ಅರ್ಜಿ ಹಾಕುವುದು ಮೇಲು. ಓನರ್ ಕಡೆಯವರು ಬಂದು ಒಪ್ಪಿದರೆ, ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನ ರಾಜಿಗೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟ್ ತೀರ್ಪಿನ ಬಲವಿದೆ. ಕಂತು ಒಪ್ಪುವುದಾದರೆ ಪ್ರತಿ ಕಂತಿನ ದಿನಾಂಕ, ಒಂದು ತಪ್ಪಿದರೂ ಪೂರ್ತಿ ಮೊತ್ತ ಒಟ್ಟಿಗೆ ಎಂಬ ಮಾತು ಅದರಲ್ಲಿರಲಿ.

ಅವರು ಬರದಿದ್ದರೆ ಹಣ ವಸೂಲಿ ದಾವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆಯೂ ಉಂಟು. ಅದರಲ್ಲಿ ಪ್ರತಿವಾದಿ ವಾದಿಸಲು ಅನುಮತಿ ಪಡೆಯಬೇಕು. ಸಹಿಯ ತಕರಾರಿನಿಂದ ಆ ಅನುಮತಿ ಸಿಕ್ಕಿಬಿಡಬಹುದು, ಆಗ ಮಾಮೂಲಿ ದಾವೆಯಂತೆಯೇ ನಡೆಯುತ್ತದೆ. ಕಾಲಮಿತಿ 3 ವರ್ಷ. 20,000 ಬಂದದ್ದರಿಂದ ಅವಧಿ ಹೊಸದಾಗಿ ಶುರುವಾಯಿತೆಂದು ನಂಬಿ ಕೂರಬೇಡಿ. ಅದಕ್ಕೆ ಕೊಟ್ಟವರ ಸಹಿ ಅಥವಾ ಕೈಬರಹದ ಒಪ್ಪಿಗೆ ಬೇಕು. ಮನೆ ಬಿಟ್ಟ ತಿಂಗಳಿಂದಲೇ ಲೆಕ್ಕ ಹಿಡಿದು, 2028ರ ಮಾರ್ಚ್‌ಗೆ ಮುಂಚೆಯೇ ದಾವೆ ಹೂಡಿ.

ಪ್ರಶ್ನೆ: ನಮ್ಮ ಓನರ್ ಅಡ್ವಾನ್ಸ್‌ಗೆ ಚೆಕ್ ಕೊಟ್ಟು, ‘ಹೇಳುವವರೆಗೆ ಹಾಕಬೇಡಿ’ ಎನ್ನುತ್ತಿದ್ದಾರೆ. ಕಾಯಬಹುದೇ?

ಉತ್ತರ: ಚೆಕ್ಕಿನ ಮೇಲಿನ ದಿನಾಂಕದಿಂದ 3 ತಿಂಗಳಷ್ಟೇ ಅದಕ್ಕೆ ಜೀವ. ಅಷ್ಟರೊಳಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಇಟ್ಟುಕೊಂಡು, ಸುದ್ದಿ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಿ. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ, ಆ ಬಳಿಕ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಬೇಡಿ. ಬಡ್ಡಿ, ಖರ್ಚು ಕೇಳುವುದಾದರೆ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ, ಎಲ್ಲ ಕೂಡಿಸಿ ಒಂದೇ ಮೊತ್ತ ಹೇಳಿದರೆ ನೋಟಿಸೇ ಬಿದ್ದುಹೋಗಬಹುದು.